ಕೈ ನೋಡಬೇಕೋ, ಫಿಲ್ಮು ನೋಡಬೇಕೋ

ನಮ್ಮ ಸಣ್ಣವ್ವ ಜಾರಿ ಬಿದ್ದದ್ದು ಬಚ್ಚಲಮನೆಯ ಕಲ್ಲಿನ ಮೇಲೆ. ದೇವದುರ್ಗ ತಾಲ್ಲೂಕಿನ ಹಳ್ಳಿ, ಹತ್ತಿ ಬಿಡಿಸುವ ದಿನಗಳು, ನಸುಕಿನಲ್ಲೇ ಹೊಲಕ್ಕೆ ಹೊರಡುವ ಗಡಿಬಿಡಿ. ಬೀಳುವಾಗ ಎಲ್ಲರೂ ಮಾಡುವ ಹಾಗೆ ಅಂಗೈ ಊರಿದಳು, ಬಲಗೈಯ ಮಣಿಕಟ್ಟು ಮುರಿಯಿತು. ಊರಲ್ಲೇ ಕಟ್ಟು ಕಟ್ಟುವವರ ಹತ್ತಿರ ಹೋಗೋಣ ಅಂದವರೂ ಇದ್ದರು. ಕೈ ಸೌಟಿನ ಹಾಗೆ ಹಿಂದಕ್ಕೆ ಡೊಂಕಾದದ್ದು ನೋಡಿ ಹೆದರಿದ ಮಗ ದೇವದುರ್ಗಕ್ಕೆ, ಅಲ್ಲಿಂದ ರಾಯಚೂರಿಗೆ ಕರೆತಂದ. ಮೂರನೇ ದಿನ ಆಪರೇಷನ್ ಆಯಿತು. ಒಂದು ಪ್ಲೇಟು, ಏಳು ಸ್ಕ್ರೂ. ನಮ್ಮ ಕಡೆ ಇದಕ್ಕೆಲ್ಲ ಒಂದೇ ಮಾತು: ‘ರಾಡ್ ಹಾಕ್ಯಾರ’.

ಆಮೇಲೆ ಶುರುವಾಯಿತು ಓಡಾಟ. ಆಪರೇಷನ್ನಿನ ಮರುದಿನ ಒಂದು ಎಕ್ಸರೇ. ಹೊಲಿಗೆ ಬಿಚ್ಚಿದ ದಿನ ಎರಡನೆಯದು. ಆರನೇ ವಾರ ಮೂರನೆಯದು. ಮೂರು ತಿಂಗಳಿಗೆ ಮತ್ತೊಂದು ತೆಗೆಸಿಕೊಂಡು ಬನ್ನಿ ಎಂದು ಚೀಟಿಯಲ್ಲಿ ಬರೆದಿತ್ತು. ಆರನೇ ವಾರದ ಭೇಟಿಗೆ ನಾನೂ ಜೊತೆಗಿದ್ದೆ. ಡಾಕ್ಟರು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮೂಲೆಯಲ್ಲಿ ಬಲಗೈ ಎಂದು ತೋರಿಸುವ ‘ಆರ್’ ಅಕ್ಷರ, ನಡುವೆ ಬೂದು ಬಣ್ಣದ ಎಲುಬು, ಅದರ ಮೇಲೆ ಸುಣ್ಣ ಬಳಿದಷ್ಟು ಬೆಳ್ಳಗೆ ಕಾಣುವ ಪ್ಲೇಟು. “ಎಲುಬು ಚಲೋ ಕೂಡ್ಯಾದಮ್ಮ. ಇನ್ನ ಆರು ವಾರ ಬಿಟ್ಟು ಮತ್ತೊಂದು ಎಕ್ಸರೇ ತಗಸ್ಕೊಂಡು ಬರ್ರಿ” ಅಂದರು. ಹೊರಗೆ ನಲವತ್ತು ಜನ ಕಾಯುತ್ತಿದ್ದರು. ನಾವು ಎದ್ದೆವು. ಮೆಟ್ಟಿಲಿಳಿಯುವಾಗ ಸಣ್ಣವ್ವ ಹೇಳಿದಳು: “ಎಲುಬು ಕೂಡ್ಯಾದಂತ ಅವ್ರಿಗಿ ಗೊತ್ತಾತು ತಮ್ಮಾ. ಕೈ ಯಾಕ ತಿರಗವಲ್ದು ಅಂತ ಕೇಳಾಕ ಆಗಲಿಲ್ಲ ನೋಡು.”

ಆ ಭೇಟಿಯಲ್ಲಿ ಅವಳ ಕೈಯನ್ನು ಯಾರೂ ಮುಟ್ಟಿರಲಿಲ್ಲ. ನಾನು ಆ ಡಾಕ್ಟರನ್ನು ದೂರುತ್ತಿಲ್ಲ. ಅವರು ಮಾಡಿದ ಆಪರೇಷನ್ ಒಳ್ಳೆಯದೇ ಆಗಿತ್ತು. ಆದರೆ ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಮಣಿಕಟ್ಟಿನ ಆಪರೇಷನ್ ಆದಮೇಲೆ ನೋವು ಇರಲಿ ಬಿಡಲಿ, ತಾರೀಖು ಬಂತೆಂದು ತೆಗೆಸುವ ಈ ಎಕ್ಸರೇಗಳಿಂದ ರೋಗಿಗೆ ನಿಜವಾಗಿ ಏನು ಸಿಗುತ್ತದೆ? ಎರಡೂ ಕಡೆ ಬಲವಾದ ಮಾತುಗಳಿವೆ.

ಮಣಿಕಟ್ಟಿನ ಈ ಮುರಿತಕ್ಕೂ ಎಕ್ಸರೇಗೂ ಇರುವ ನಂಟು ವಿಚಿತ್ರವಾದದ್ದು. ಡಬ್ಲಿನ್ನಿನ ಶಸ್ತ್ರವೈದ್ಯ ಅಬ್ರಹಾಂ ಕಾಲಿಸ್ ಈ ಮುರಿತವನ್ನು ವಿವರಿಸಿ ಬರೆದದ್ದು 1814ರಲ್ಲಿ. ಇಂದಿಗೂ ಅದಕ್ಕೆ ಅವರದೇ ಹೆಸರು. ರಾಂಟ್‌ಜೆನ್ ಎಕ್ಸ್ ಕಿರಣವನ್ನು ಕಂಡುಹಿಡಿದದ್ದು 1895ರ ನವೆಂಬರಿನಲ್ಲಿ, ಅಂದರೆ 81 ವರ್ಷ ಕಳೆದ ಮೇಲೆ. ಕಾಲಿಸ್ ಕಣ್ಣಿಂದ ನೋಡಿ, ಬೆರಳಿಂದ ಒತ್ತಿ, ಕೈ ತಿರುಗಿಸಿ ಅಷ್ಟನ್ನೂ ತಿಳಿದರು. ಕೈಯ ಆಕಾರ ಜೀವಮಾನವೆಲ್ಲ ಸೊಟ್ಟಗೇ ಉಳಿದರೂ ಕಾಲ ಕಳೆದಂತೆ ಅದು ನೋವಿಲ್ಲದೆ ಆಡುತ್ತದೆ ಎಂದೂ ಬರೆದರು. ಆ ಮಾತು ಎಲ್ಲರ ವಿಷಯದಲ್ಲೂ ನಿಜವಾಗಲಿಲ್ಲ. ಹಾಗೆಂದು ಸುಳ್ಳೂ ಆಗಲಿಲ್ಲ. ಇನ್ನು ರಾಂಟ್‌ಜೆನ್ ತೆಗೆದ ಹೆಸರುವಾಸಿ ಮೊದಲ ಚಿತ್ರ ಅವರ ಹೆಂಡತಿಯ ಕೈಯದು, ಬೆರಳಿನ ಎಲುಬಿನ ಮೇಲೆ ಉಂಗುರ ಕಪ್ಪಗೆ ಕೂತ ಚಿತ್ರ. ಎಲುಬು ಕಣ್ಣಿಗೆ ಕಂಡ ದಿನದಿಂದ ವೈದ್ಯರಿಗೂ ರೋಗಿಗಳಿಗೂ ಚಿತ್ರದ ಮೇಲಿನ ನಂಬಿಕೆ ಬೆಳೆಯುತ್ತಲೇ ಬಂತು.

ಪ್ಲೇಟು ಮಾಡುವ ಕೆಲಸ ಏನೆಂದು ತಿಳಿದರೆ ಮುಂದಿನ ವಾದ ಸುಲಭ. ಮುಂಗೈಯಲ್ಲಿ ಎರಡು ಎಲುಬುಗಳಿವೆ. ಹೆಬ್ಬೆರಳಿನ ಕಡೆಯದು ರೇಡಿಯಸ್. ಅದರ ತುದಿಯ ಕೀಲಿನ ಮೇಲ್ಮೈ ಅಂಗೈಯ ಕಡೆಗೆ ಸುಮಾರು 11 ಡಿಗ್ರಿ ವಾಲಿರುತ್ತದೆ. ಕೈ ಊರಿ ಬಿದ್ದಾಗ ತುದಿ ಮುರಿದು ಹಿಂದಕ್ಕೆ ಬಾಗುತ್ತದೆ. ಆಪರೇಷನ್ನಿನಲ್ಲಿ ಅದನ್ನು ಎತ್ತಿ ಸರಿಯಾಗಿ ಕೂಡಿಸಿ, ಅಂಗೈ ಕಡೆಯಿಂದ ಪ್ಲೇಟು ಇಟ್ಟು ಸ್ಕ್ರೂ ಬಿಗಿಯುತ್ತಾರೆ. ಈಚಿನ ಇಪ್ಪತ್ತು ವರ್ಷಗಳಲ್ಲಿ ಹೆಚ್ಚು ಬಳಕೆಗೆ ಬಂದ ಲಾಕಿಂಗ್ ಪ್ಲೇಟಿನಲ್ಲಿ ಸ್ಕ್ರೂವಿನ ತಲೆ ಪ್ಲೇಟಿನೊಳಗೇ ತಿರುಪಿಕೊಂಡು ಬಿಗಿಯಾಗುತ್ತದೆ. ಹಾಗಾಗಿ ಎಲುಬು ಎಷ್ಟೇ ಮೆತ್ತಗಿದ್ದರೂ ಜೋಡಣೆ ಸಡಿಲವಾಗುವುದು ಕಡಿಮೆ. ರೇಡಿಯಸ್ಸಿನ ತುದಿಗೆ ರಕ್ತದ ಹರಿವು ಚೆನ್ನಾಗಿದೆ, ಅಲ್ಲಿನ ಎಲುಬು ಕೂಡದೇ ಉಳಿಯುವುದು ತೀರಾ ಅಪರೂಪ. ತಾರೀಖಿನ ಎಕ್ಸರೇ ಬೇಡ ಅನ್ನುವವರು ನಿಂತಿರುವುದು ಈ ನೆಲದ ಮೇಲೆ. ಗಟ್ಟಿಯಾಗಿ ಬಿಗಿದದ್ದು, ಹೇಗೂ ಕೂಡುವಂಥದ್ದು, ಅದನ್ನು ಮತ್ತೆ ಮತ್ತೆ ಚಿತ್ರ ತೆಗೆದು ನೋಡುವುದೇಕೆ?

ಇದು ಬರೀ ತರ್ಕವಾಗಿ ಉಳಿದಿಲ್ಲ. ನೆದರ್ಲೆಂಡ್ಸಿನ ಹಲವು ಆಸ್ಪತ್ರೆಗಳು ಸೇರಿ ಇದನ್ನು ಪರೀಕ್ಷೆಗೇ ಹಚ್ಚಿದವು. ಮಣಿಕಟ್ಟು ಮುರಿದ ಮುನ್ನೂರಕ್ಕೂ ಹೆಚ್ಚು ಜನರನ್ನು, ಆಪರೇಷನ್ ಆದವರು ಆಗದವರು ಇಬ್ಬರನ್ನೂ, ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಮೊದಲ ಎರಡು ವಾರ ಎಲ್ಲರಿಗೂ ಒಂದೇ ಆರೈಕೆ. ಆಮೇಲೆ ಒಂದು ಗುಂಪಿಗೆ ಆರನೇ ವಾರ, ಹನ್ನೆರಡನೇ ವಾರ ವಾಡಿಕೆಯಂತೆ ಎಕ್ಸರೇ. ಇನ್ನೊಂದು ಗುಂಪಿಗೆ ಕಾರಣ ಕಂಡರೆ ಮಾತ್ರ: ಮತ್ತೆ ಬಿದ್ದಿದ್ದರೆ, ನೋವು ಜೋರಾಗಿದ್ದರೆ, ಕೈ ಆಡುವುದು ಕಡಿಮೆಯಾಗಿದ್ದರೆ, ನರ ಅಥವಾ ರಕ್ತನಾಳದ ತೊಂದರೆ ಕಂಡರೆ. ಒಂದು ವರ್ಷ ಗಮನಿಸಿದರು. ಕೈಯ ಕೆಲಸದಲ್ಲಿ, ನೋವಿನಲ್ಲಿ, ತೊಡಕುಗಳಲ್ಲಿ ಎರಡು ಗುಂಪುಗಳ ನಡುವೆ ಎಣಿಸುವಂಥ ವ್ಯತ್ಯಾಸ ಕಾಣಲಿಲ್ಲ. 2020ರಲ್ಲಿ ಈ ಫಲಿತಾಂಶ ಹೊರಬಂತು. ಸಾಮಾನ್ಯವಾಗಿ ನಾಲ್ಕು ಎಕ್ಸರೇ ಆಗುವಲ್ಲಿ ಮೂರಾದವು. ಅಲ್ಲಿ ಉಳಿದದ್ದು ಒಂದು ಎಕ್ಸರೇ. ದೇವದುರ್ಗದವಳಿಗೆ ಅದೇ ಒಂದು ಉಳಿದರೆ ಒಂದು ಇಡೀ ದಿನ ಉಳಿದಂತೆ.

ಇನ್ನೊಂದು ಅಧ್ಯಯನ ಆಸ್ಟ್ರಿಯದ ಇನ್ಸ್‌ಬ್ರಕ್ ನಗರದ್ದು, ಪ್ರಕಟವಾದದ್ದು 2011ರಲ್ಲಿ. 65 ದಾಟಿದವರಲ್ಲಿ ಕೆಲವರಿಗೆ ಪ್ಲೇಟು, ಕೆಲವರಿಗೆ ಬರೀ ಸಿಮೆಂಟ್ ಕಟ್ಟು. ವರ್ಷದ ಕೊನೆಗೆ ಎಕ್ಸರೇಯಲ್ಲಿ ಪ್ಲೇಟಿನವರ ಎಲುಬು ಎಷ್ಟೋ ನೆಟ್ಟಗಿತ್ತು. ಕೈ ಮಾಡುವ ಕೆಲಸದಲ್ಲಿ ಮಾತ್ರ ಇಬ್ಬರೂ ಹೆಚ್ಚುಕಡಿಮೆ ಸಮ. ವಯಸ್ಸಾದವರಲ್ಲಿ ಚಿತ್ರದ ಅಂದಕ್ಕೂ ಕೈಯ ಬಳಕೆಗೂ ನಾವು ಅಂದುಕೊಂಡಷ್ಟು ಹತ್ತಿರದ ಸಂಬಂಧವಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಪ್ಲೇಟಿನವರಿಗೆ ಮುಂದೆ ಬರಬಹುದಾದ ತೊಂದರೆಗಳನ್ನೇ ಒಂದೊಂದಾಗಿ ನೋಡೋಣ. ಬೆರಳು ಬಿಗಿಯಾಗುವುದು ಎಕ್ಸರೇಯಲ್ಲಿ ಕಾಣುವುದಿಲ್ಲ. ಮಣಿಕಟ್ಟಿನ ಸುರಂಗದಲ್ಲಿ ನರ ಒತ್ತಿ ಬೆರಳು ಜೋಮು ಹಿಡಿಯುವುದೂ ಕಾಣುವುದಿಲ್ಲ. ಕೈಯೆಲ್ಲ ಊದಿ, ಬಣ್ಣ ಬದಲಾಗಿ, ಗಾಳಿ ಸೋಕಿದರೂ ಉರಿಯುವ ಒಂದು ಕಾಡುವ ನೋವಿದೆ. ಅದು ಶುರುವಾಗುವ ಹೊತ್ತಿಗೆ ಫಿಲ್ಮಿನಲ್ಲಿ ಗುರುತೇ ಇರುವುದಿಲ್ಲ. ಪ್ಲೇಟು ಕೀಲಿಗೆ ತೀರಾ ಹತ್ತಿರ ಕೂತಿದ್ದರೆ ಹೆಬ್ಬೆರಳು ಬಾಗಿಸುವ ಸ್ನಾಯುರಜ್ಜು ಅದರ ಅಂಚಿಗೆ ತಿಕ್ಕಿ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಹರಿಯಬಹುದು. ಆದರೆ ಪ್ಲೇಟು ಎಲ್ಲಿ ಕೂತಿದೆ ಅನ್ನುವುದು ಮೊದಲ ಫಿಲ್ಮಿನಲ್ಲೇ ಕಾಣುತ್ತದೆ. ನಾಲ್ಕನೆಯದು ಹೇಳುವುದೂ ಅದನ್ನೇ.

ಇಷ್ಟು ಓದಿದವರು ಪ್ರಶ್ನೆ ಮುಗಿಯಿತು ಅಂದುಕೊಳ್ಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ, ಮಾನ್ವಿಯ ಗೆಳೆಯನೊಬ್ಬ ತನ್ನ ಪಕ್ಕದ ಮನೆಯವನ ಕಥೆ ಹೇಳುವವರೆಗೆ.

ಆತ ರೈಸ್‌ಮಿಲ್ಲಿನಲ್ಲಿ ಹಮಾಲಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದಮೇಲೆ ಮಾನ್ವಿ ಭತ್ತದ ಊರಾಯಿತು. ಅಲ್ಲಿ ಚೀಲ ಹೊರುವವನ ಎರಡು ಕೈಯೇ ಅವನ ಆಸ್ತಿ. ಲಾರಿಯ ಮೇಲಿಂದ ಬಿದ್ದು ಎಡಗೈ ಮಣಿಕಟ್ಟು ಕೀಲಿನೊಳಗೇ ಒಡೆದಿತ್ತು. ಪ್ಲೇಟು ಹಾಕಿದರು. ಎರಡನೇ ವಾರ ಹೊಲಿಗೆ ಬಿಚ್ಚಲು ಹೋದಾಗ ಅವನಿಗೆ ಹೇಳಿಕೊಳ್ಳುವಂಥ ನೋವಿರಲಿಲ್ಲ, ಊತ ಇಳಿದಿತ್ತು, ಬೆರಳೂ ಆಡುತ್ತಿದ್ದವು. ವಾಡಿಕೆಯಂತೆ ಎಕ್ಸರೇ ತೆಗೆದರು. ಕೀಲಿನ ಅಂಗೈ ಕಡೆಯ ಅಂಚಿನ ಸಣ್ಣದೊಂದು ಚೂರು ಪ್ಲೇಟಿನ ಹಿಡಿತ ತಪ್ಪಿಸಿಕೊಂಡು ಮುಂದಕ್ಕೆ ಸರಿದಿತ್ತು. ಅದರ ಜೊತೆಗೆ ಮಣಿಕಟ್ಟಿನ ಚಿಕ್ಕ ಎಲುಬುಗಳೂ ಜಾರತೊಡಗಿದ್ದವು. ಎಲುಬಿನ ಡಾಕ್ಟರುಗಳು ಬಹಳ ಹೆದರುವ ಚೂರು ಇದು, ಲಾಕಿಂಗ್ ಪ್ಲೇಟು ಬಂದಮೇಲೂ ಕೈಕೊಡುವಂಥದ್ದು. ಮೂರನೇ ವಾರದೊಳಗೆ ಮತ್ತೆ ಆಪರೇಷನ್ ಮಾಡಿ ಸರಿಪಡಿಸಿದರು. ಎಲುಬು ಹಾಗೇ ಕೂಡಿಬಿಟ್ಟಿದ್ದರೆ ಅದನ್ನು ಮತ್ತೆ ಕಡಿದು ಕೂಡಿಸಬೇಕಾಗುತ್ತಿತ್ತು. ಬರೀ ಕೈ ಮುಟ್ಟಿ ನೋಡಿದ್ದರೆ ಅದು ಆ ದಿನ ತಿಳಿಯುತ್ತಿತ್ತೇ? ತಿಳಿಯುತ್ತಿತ್ತು ಎಂದು ಹೇಳುವ ಧೈರ್ಯ ನನಗಿಲ್ಲ.

ಈ ಒಂದು ಕಥೆಯಿಂದ ನೆದರ್ಲೆಂಡ್ಸಿನ ಅಧ್ಯಯನ ಸುಳ್ಳಾಗುವುದಿಲ್ಲ. ಅಲ್ಲೂ ಮೊದಲ ಎರಡು ವಾರದ ಎಕ್ಸರೇಯನ್ನು ಯಾರೂ ಬಿಡಿಸಿರಲಿಲ್ಲ. ಕೈಬಿಟ್ಟದ್ದು ಆಮೇಲಿನವುಗಳನ್ನು. ನಮ್ಮಲ್ಲಿ ‘ಎಕ್ಸರೇ ಬೇಡವಂತೆ’ ಎಂಬ ಸುದ್ದಿ ಹರಡುವಾಗ ಈ ಗೆರೆ ಅಳಿಸಿಹೋಗುತ್ತದೆ. ಅದಕ್ಕೇ ಒತ್ತಿ ಹೇಳುತ್ತಿದ್ದೇನೆ: ಜೋಡಿಸಿದ್ದು ಜಾರುವುದಾದರೆ ಹೆಚ್ಚಾಗಿ ಮೊದಲ ವಾರಗಳಲ್ಲೇ ಜಾರುತ್ತದೆ, ಆಗ ಕಂಡರೆ ಸರಿಪಡಿಸಲೂ ಬರುತ್ತದೆ.

ಪ್ಲೇಟು ಹಾಕದೆ ತಂತಿ ಹಾಕಿದವರ ಲೆಕ್ಕವೇ ಬೇರೆ. ಎಲುಬಿನೊಳಗೆ ಎರಡು ಮೂರು ಉಕ್ಕಿನ ತಂತಿ ತೂರಿಸಿ, ತುದಿಯನ್ನು ಸಾಮಾನ್ಯವಾಗಿ ಚರ್ಮದ ಹೊರಗೇ ಬಿಟ್ಟು, ಮೇಲೆ ಸಿಮೆಂಟ್ ಕಟ್ಟು ಹಾಕುತ್ತಾರೆ. ನಾಲ್ಕರಿಂದ ಆರು ವಾರಕ್ಕೆ ತಂತಿ ಎಳೆದು ತೆಗೆಯುತ್ತಾರೆ. ಖರ್ಚು ಪ್ಲೇಟಿಗಿಂತ ಬಹಳ ಕಡಿಮೆ. ಬ್ರಿಟನ್ನಿನಲ್ಲಿ 461 ಜನರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೀಲಿನ ಮೇಲ್ಮೈಯನ್ನು ತೆರೆಯದೆಯೇ ಸರಿಪಡಿಸಬಹುದಾದ ಮುರಿತಗಳಿಗೆ ತಂತಿ ಹಾಕಿದವರೂ ಪ್ಲೇಟು ಹಾಕಿದವರೂ ವರ್ಷದ ಕೊನೆಗೆ ಒಂದೇ ಮಟ್ಟದಲ್ಲಿದ್ದರು. ಆದರೆ ತಂತಿಗೆ ಪ್ಲೇಟಿನ ಬಿಗಿಯಿಲ್ಲ. ಮೆತ್ತನೆಯ ಎಲುಬಿನಲ್ಲಿ ಸಡಿಲವಾದೀತು, ಒಳಗಿನ ತುಂಡು ಕುಸಿದೀತು, ತಂತಿಯ ಬುಡದಲ್ಲಿ ಕೀವಾದೀತು. ರಾಯಚೂರಿನ ಬೇಸಿಗೆಯಲ್ಲಿ ಕಟ್ಟಿನೊಳಗೆ ಬೆವರಿ ಕಡಿತ ಹತ್ತಿದರೆ ಕಟ್ಟನ್ನೇ ಸಡಿಲ ಮಾಡಿಕೊಳ್ಳುವವರನ್ನು ನಾನು ಕಂಡಿದ್ದೇನೆ. ತಂತಿ ತೆಗೆಯುವ ಮುನ್ನ ಒಂದು ಎಕ್ಸರೇ ಬೇಕೇ ಅಂದರೆ, ಬೇಕು. ಇದರಲ್ಲಿ ನನಗೆ ಅನುಮಾನವಿಲ್ಲ.

ಎಕ್ಸರೇ ಇರಲಿ ಅನ್ನುವವರ ಕಡೆ ಇದಕ್ಕಿಂತ ಆಳವಾದ ಒಂದು ಮಾತಿದೆ, ನಾನು ಹೆಚ್ಚು ಹೊತ್ತು ಯೋಚಿಸಿದ್ದು ಅದರ ಮೇಲೆ. ನೆದರ್ಲೆಂಡ್ಸಿನ ರೋಗಿಗೆ ಕೈ ನೋವಾದರೆ ಮನೆಯ ಹತ್ತಿರದ ಡಾಕ್ಟರು ಸಿಗುತ್ತಾರೆ, ಅಲ್ಲಿಂದ ಆಸ್ಪತ್ರೆಗೆ ಸುದ್ದಿ ಹೋಗುತ್ತದೆ, ವ್ಯಾಯಾಮ ಹೇಳಿಕೊಡುವವರು ಸಿಗುತ್ತಾರೆ. ‘ಕಾರಣ ಕಂಡರೆ ಮಾತ್ರ ಎಕ್ಸರೇ’ ಎಂಬ ಮಾತು ನಿಲ್ಲಬೇಕಾದರೆ ಕಾರಣವನ್ನು ಕಾಣುವ ಕಣ್ಣೊಂದು ಇರಬೇಕು. ಡಿ. ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ರಾಜ್ಯದಲ್ಲೇ ಅತ್ಯಂತ ಹಿಂದುಳಿದ ತಾಲ್ಲೂಕೆಂದು ಗುರುತಿಸಿದ್ದು ದೇವದುರ್ಗವನ್ನು. ಅಲ್ಲಿನ ಹಳ್ಳಿಯ ಹೆಂಗಸು ತನ್ನ ಬೆರಳು ಜೋಮು ಹಿಡಿದದ್ದನ್ನು ಆಸ್ಪತ್ರೆಯಲ್ಲಿ ಹೇಳಬೇಕಾದ ಸಂಗತಿ ಎಂದೇ ತಿಳಿಯುವುದಿಲ್ಲ. ‘ಮುರದ ಕೈ, ನೋವು ಇದ್ದೇ ಇರ್ತದ’ ಅಂದುಕೊಂಡು ಸುಮ್ಮನಾಗುತ್ತಾಳೆ. ಎಕ್ಸರೇಯ ತಾರೀಖು ಕೊಟ್ಟರೆ ಆ ದಿನಕ್ಕಾದರೂ ಬರುತ್ತಾಳೆ. ‘ತ್ರಾಸಾದರ ಬರ್ರಿ’ ಅಂದರೆ ಬರುವುದೇ ಇಲ್ಲ. ಎಕ್ಸರೇ ಇಲ್ಲಿ ಬರೀ ಚಿತ್ರವಲ್ಲ, ಕರೆಯೋಲೆ.

ಅದು ದಾಖಲೆ ಕೂಡ. ಆಪರೇಷನ್ ನಡೆಯುವಾಗಲೇ ಸಿ-ಆರ್ಮ್ ಯಂತ್ರದಲ್ಲಿ ಎಲುಬಿನ ಚಿತ್ರ ನೋಡುತ್ತಿರುತ್ತಾರೆ. ಕೊನೆಯ ಚಿತ್ರಗಳನ್ನು ಸರಿಯಾಗಿ ಉಳಿಸಿಟ್ಟರೆ ಮರುದಿನದ ಎಕ್ಸರೇಯೂ ಬೇಕಿಲ್ಲ ಎಂಬ ವಾದವಿದೆ. ನಮ್ಮಲ್ಲಿ ಆ ಚಿತ್ರಗಳು ರೋಗಿಯ ಕೈಗೆ ಬರುವುದು ವಿರಳ. ಕೈಗೆ ಬರುವುದು ಫಿಲ್ಮು. ದೇವದುರ್ಗದಿಂದ ಬೆಂಗಳೂರಿಗೆ, ಹೈದರಾಬಾದಿಗೆ, ಪುಣೆಗೆ ಗುಳೆ ಹೋಗುವ ಕುಟುಂಬ ಆ ಫಿಲ್ಮನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡೇ ಹೋಗುತ್ತದೆ. ಅಲ್ಲಿ ಕೈ ನೋವಾದರೆ ಹೊಸ ಡಾಕ್ಟರಿಗೆ ಗೊತ್ತಾಗುವುದು ಅದರಿಂದಲೇ. ಗುಳೆ ಹೋಗುವ ಮುನ್ನ ತೆಗೆದ ಎಕ್ಸರೇ ಎಷ್ಟೋ ಸಲ ಆಪರೇಷನ್ ಮಾಡಿದ ಡಾಕ್ಟರು ನೋಡುವ ಕೊನೆಯ ಎಕ್ಸರೇ ಆಗಿರುತ್ತದೆ. ಇನ್ನು ಸರ್ಕಾರಿ ಯೋಜನೆಯಲ್ಲಿ ಆಪರೇಷನ್ ಆದರೆ, ಪ್ಲೇಟು ಕೂತದ್ದನ್ನು ತೋರಿಸುವ ಎಕ್ಸರೇ ಕಡತದಲ್ಲಿ ಇರಲೇಬೇಕು. ಹಾಗಾಗಿ ಮೊದಲನೆಯದು ಬೇಕೋ ಬೇಡವೋ ಎಂಬ ಚರ್ಚೆ ನಮ್ಮ ಆಸ್ಪತ್ರೆಗಳಲ್ಲಿ ನಡೆಯುವಂತೆಯೇ ಇಲ್ಲ.

ಡಾಕ್ಟರುಗಳ ಅಂಜಿಕೆಯನ್ನೂ ಹೇಳಬೇಕು. 1995ರಲ್ಲಿ ಸುಪ್ರೀಂ ಕೋರ್ಟ್ ಭಾರತೀಯ ವೈದ್ಯಕೀಯ ಸಂಘ ಮತ್ತು ವಿ. ಪಿ. ಶಾಂತಾ ನಡುವಿನ ಮೊಕದ್ದಮೆಯಲ್ಲಿ, ಹಣ ಪಡೆದು ಮಾಡುವ ಚಿಕಿತ್ಸೆ ಗ್ರಾಹಕ ಕಾಯ್ದೆಯ ಅಡಿಗೆ ಬರುತ್ತದೆ ಎಂದು ತೀರ್ಪು ಕೊಟ್ಟಿತು. ರೋಗಿಗಳಿಗೆ ಅದು ದೊಡ್ಡ ಆಸರೆ. ಅದರ ಜೊತೆಗೇ, ನಾಳೆ ಯಾರಾದರೂ ‘ಎಕ್ಸರೇ ಯಾಕೆ ತೆಗೆಸಲಿಲ್ಲ’ ಎಂದು ಕೇಳಿದರೆ ಉತ್ತರವೇನು ಎಂಬ ಚಿಂತೆ ಪ್ರತಿ ಡಾಕ್ಟರಿನ ತಲೆಯಲ್ಲಿ ಕೂತಿತು. ತೆಗೆಸಿದ್ದಕ್ಕೆ ಯಾರೂ ದೂರು ಕೊಡುವುದಿಲ್ಲ, ತೆಗೆಸದಿದ್ದಕ್ಕೆ ಕೊಟ್ಟಾರು. ಜೊತೆಗೆ ನಮ್ಮ ಜನರ ನಂಬಿಕೆ: ಎಕ್ಸರೇ ಬರೆಯದ ಡಾಕ್ಟರು ಸರಿಯಾಗಿ ನೋಡಲಿಲ್ಲ. ಈ ಅಂಜಿಕೆಯೂ ಈ ನಂಬಿಕೆಯೂ ಸೇರಿ ಚೀಟಿಯಲ್ಲಿ ಇನ್ನೊಂದು ಸಾಲು ಬರೆಸುತ್ತವೆ.

ಆ ಸಾಲಿನ ಬೆಲೆ ಎಷ್ಟು? ಕಿರಣದ ಭಯ ಬೇಡ. ಮಣಿಕಟ್ಟಿನ ಒಂದು ಎಕ್ಸರೇಯಿಂದ ದೇಹಕ್ಕೆ ತಾಗುವುದು ಸುಮಾರು 0.001 ಮಿಲಿಸೀವರ್ಟ್. ನೆಲ, ಗಾಳಿ, ಆಕಾಶದಿಂದ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಹೇಗೂ ತಾಗುತ್ತಲೇ ಇರುತ್ತದೆ. ಬೆಲೆ ಇರುವುದು ದಾರಿಯಲ್ಲಿ. ದೇವದುರ್ಗದಿಂದಾಗಲಿ ಮಾನ್ವಿಯಿಂದಾಗಲಿ ರಾಯಚೂರು ಸುಮಾರು 50 ಕಿಲೋಮೀಟರ್, ಹಳ್ಳಿಯಿಂದ ತಾಲ್ಲೂಕಿಗೆ ಬರುವುದು ಬೇರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಮೇಲೆ ಸಣ್ಣವ್ವನಿಗೆ ಬಸ್ಸಿನ ಖರ್ಚಿಲ್ಲ. ಅದು ನಿಜವಾದ ಉಪಕಾರ. ಆದರೆ ಕಟ್ಟು ಕಟ್ಟಿದ ಕೈಯ ಹೆಂಗಸು ಒಬ್ಬಳೇ ಬರಲಾರಳು. ಜೊತೆಗೆ ಬರುವ ಮಗನಿಗೆ ಟಿಕೆಟ್ಟೂ ಬೇಕು, ಆ ದಿನದ ಕೂಲಿಯೂ ಹೋಗುತ್ತದೆ. ಉದ್ಯೋಗ ಖಾತರಿಯ ಕೂಲಿಯೇ 2024-25ರಲ್ಲಿ ರಾಜ್ಯದಲ್ಲಿ ದಿನಕ್ಕೆ 349 ರೂಪಾಯಿ ಇತ್ತು. ಖಾಸಗಿಯಲ್ಲಿ ತೆಗೆಸಿದ ಎಕ್ಸರೇಗೂ ನಾವು ಹೆಚ್ಚುಕಡಿಮೆ ಅಷ್ಟೇ ಕೊಟ್ಟೆವು. ಮಧ್ಯಾಹ್ನದ ಊಟ, ಚಹಾ, ಆಟೋ ಸೇರಿಸಿದರೆ ಸಾವಿರ ಮುಟ್ಟುತ್ತದೆ.

ಯೋಜನೆಯ ಕಾರ್ಡು ಇದೆಯಲ್ಲ ಅನ್ನಬಹುದು. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ 2018ರಿಂದ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಕೊಡುತ್ತದೆ. ಅದಿಲ್ಲದಿದ್ದರೆ ಸಣ್ಣವ್ವನ ಆಪರೇಷನ್ನಿಗೆ ಹೊಲ ಒತ್ತೆ ಬೀಳುತ್ತಿತ್ತು. ಆದರೆ ಆಯುಷ್ಮಾನ್ ಯೋಜನೆಯ ನಿಯಮದಲ್ಲಿ ಆಸ್ಪತ್ರೆಯಿಂದ ಬಿಟ್ಟಮೇಲಿನ ಪರೀಕ್ಷೆ, ಔಷಧಿಯ ಖರ್ಚು ಸೇರುವುದು 15 ದಿನದವರೆಗೆ ಮಾತ್ರ. ಎರಡನೇ ವಾರದ ಎಕ್ಸರೇ ಅದರೊಳಗೆ ಬರುತ್ತದೆ. ಆರನೇ ವಾರದ್ದು, ಮೂರನೇ ತಿಂಗಳದ್ದು ಹೊರಗೆ. ಅಧ್ಯಯನಗಳು ಅಷ್ಟೇನೂ ಬೇಕಿಲ್ಲ ಅನ್ನುವ ಎಕ್ಸರೇಗಳೇ ಬಡವರು ಕೈಯಿಂದ ಕೊಟ್ಟು ತೆಗೆಸಬೇಕಾದ ಎಕ್ಸರೇಗಳು ಎಂಬುದು ನನ್ನನ್ನು ಬಹಳ ಕಾಡಿತು.

ಇನ್ನೊಂದು ನೋವಿನ ಸಂಗತಿ. ಸಣ್ಣವ್ವನಿಗೆ 62. ಮುಟ್ಟು ನಿಂತ ಮೇಲೆ ಎಲುಬು ಟೊಳ್ಳಾಗುವುದು ಹೆಂಗಸರಲ್ಲಿ ಸಾಮಾನ್ಯ. ಈ ವಯಸ್ಸಿನಲ್ಲಿ ನಿಂತ ನಿಲುವಿನಿಂದ ಬಿದ್ದು ಮಣಿಕಟ್ಟು ಮುರಿದರೆ ಅದು ಮುಂದೆ ಸೊಂಟದ ಎಲುಬು ಮುರಿಯಬಹುದೆಂಬ ಮುನ್ಸೂಚನೆ. ನಾಲ್ಕು ಸಲ ಎಕ್ಸರೇ ಬರೆದ ಚೀಟಿಗಳಲ್ಲಿ ಎಲುಬಿನ ಗಟ್ಟಿತನದ ಪರೀಕ್ಷೆಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಮುರಿದ ಎಲುಬನ್ನು ಮತ್ತೆ ಮತ್ತೆ ನೋಡಿದೆವು, ಇನ್ನೂ ಮುರಿಯದಿರುವ ಎಲುಬುಗಳ ಬಗ್ಗೆ ಯಾರೂ ಕೇಳಲಿಲ್ಲ.

ಹಾಗಾದರೆ ಆರನೇ ವಾರ ನೋಡಬೇಕಾದದ್ದು ಏನು? ಮುಷ್ಟಿ ಪೂರ್ತಿ ಕಟ್ಟಲು ಬರುತ್ತದೆಯೇ, ಉಗುರು ಅಂಗೈಗೆ ತಾಗುತ್ತದೆಯೇ. ಹೆಬ್ಬೆರಳಿನ ತುದಿಯ ಗೆಣ್ಣು ಬಾಗುತ್ತದೆಯೇ, ಅಂಗೈ ಮೇಜಿನ ಮೇಲಿಟ್ಟರೆ ಹೆಬ್ಬೆರಳು ಮೇಲೆದ್ದೀತೇ. ಬೇಡುವವರ ಹಾಗೆ ಅಂಗೈ ಮೇಲೆ ಮಾಡಲು ಬರುತ್ತದೆಯೇ. ಸಣ್ಣವ್ವನಿಗೆ ಬಾರದೇ ಹೋದದ್ದು ಇದೇ ಕೊನೆಯದು. ಚೆಂಬಿನಿಂದ ನೀರು ಬಗ್ಗಿಸಲಾಗುತ್ತಿರಲಿಲ್ಲ, ಸೀರೆ ಹಿಂಡಲಾಗುತ್ತಿರಲಿಲ್ಲ. ಕೊನೆಗೆ ಪರಿಚಯದ ಫಿಸಿಯೋಥೆರಪಿಯವರೊಬ್ಬರು ಅವಳ ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು, ಮುಂಗೈಯನ್ನು ನಿಧಾನವಾಗಿ ತಿರುಗಿಸಿ ಎಲ್ಲಿಗೆ ನಿಲ್ಲುತ್ತದೆ ಎಂದು ನೋಡಿದರು. ಎರಡು ನಿಮಿಷದ ಕೆಲಸ. ದಿನಕ್ಕೆ ಐದು ಸಲ ಲಟ್ಟಣಿಗೆಯನ್ನು ನೆಟ್ಟಗೆ ಹಿಡಿದು ಅತ್ತ ಇತ್ತ ತಿರುಗಿಸುವುದನ್ನು ಹೇಳಿಕೊಟ್ಟರು. ಮೂರನೇ ತಿಂಗಳಿಗೆ ಮುಂಗೈ ಮುಕ್ಕಾಲು ಪಾಲು ತಿರುಗಿತು. ನಾಲ್ಕನೇ ತಿಂಗಳಲ್ಲಿ ರೊಟ್ಟಿ ಬಡಿದಳು. ಜೋಳದ ಹಿಟ್ಟು ನಾದುವಾಗ ಮಣಿಕಟ್ಟು ಹಿಂದಕ್ಕೆ ಬಾಗಿ ಮೈಭಾರ ಹೊರಬೇಕು, ಬಡಿಯುವಾಗ ಅಂಗೈ ತಟ್ಟುತ್ತಲೇ ತಿರುಗಬೇಕು. ನಮ್ಮ ಹೆಂಗಸರ ಮಣಿಕಟ್ಟಿಗೆ ಇದಕ್ಕಿಂತ ಕಠಿಣವಾದ ಪರೀಕ್ಷೆ ನಾನರಿಯೆ. ಆ ನಾಲ್ಕನೇ ಎಕ್ಸರೇ ಅವಳು ತೆಗೆಸಲಿಲ್ಲ.

ಎರಡೂ ಕಡೆಯ ತೂಕ ನೋಡಿ ನಾನು ಬಂದು ನಿಂತದ್ದು ಇಲ್ಲಿ. ಹೊಲಿಗೆ ಬಿಚ್ಚುವ ಹೊತ್ತಿನ ಎಕ್ಸರೇ ಯಾರಿಗೂ ತಪ್ಪಬಾರದು, ದೂರದವರಿಗಂತೂ ತಪ್ಪಲೇಬಾರದು. ತಂತಿ ಹಾಕಿದವರಿಗೆ, ಕೀಲಿನೊಳಗೆ ಒಡೆದವರಿಗೆ, ಗುಳೆ ಹೊರಟವರಿಗೆ, ಮತ್ತೆ ಬಿದ್ದವರಿಗೆ ಆರನೇ ವಾರದ್ದೂ ಇರಲಿ. ಪ್ಲೇಟು ಗಟ್ಟಿಯಾಗಿದ್ದು, ಎರಡನೇ ವಾರದ ಚಿತ್ರ ಸರಿಯಿದ್ದು, ಕೈ ದಿನದಿಂದ ದಿನಕ್ಕೆ ಸುಧಾರಿಸುತ್ತಿರುವವರಿಗೆ ಆಮೇಲಿನ ಎಕ್ಸರೇ ಬೇಡ. ಆದರೆ ಎಕ್ಸರೇ ಬಿಟ್ಟಷ್ಟೂ ಕೈ ಮುಟ್ಟಿ ನೋಡುವುದು ಹೆಚ್ಚಬೇಕು. ಎರಡನ್ನೂ ಬಿಟ್ಟರೆ ಅದು ಉಳಿತಾಯವಲ್ಲ, ರೋಗಿಯನ್ನು ಕೈಬಿಟ್ಟಂತೆ. ಭೇಟಿ ಉಳಿಯಲಿ, ಎಕ್ಸರೇ ಮಾತ್ರ ಕಾರಣ ಕೇಳಿ ಬರಲಿ.

ಆ ಭೇಟಿ ರಾಯಚೂರಿನಲ್ಲೇ ಆಗಬೇಕೆಂದೇನೂ ಇಲ್ಲ. ಜಿಲ್ಲೆಯ ಎಲುಬಿನ ಆಪರೇಷನ್ನುಗಳ ಬಹುಭಾಗವನ್ನು ಹೊರುವುದು ನಗರದ ರಿಮ್ಸ್, ನವೋದಯ ಮತ್ತು ಇತರ ಖಾಸಗಿ ಆಸ್ಪತ್ರೆಗಳು. ಅದು ಸದ್ಯಕ್ಕೆ ಬದಲಾಗದು. ಏಮ್ಸ್ ರಾಯಚೂರಿಗೇ ಬರಲಿ ಎಂದು 2022ರ ಮೇ ತಿಂಗಳಲ್ಲಿ ಕೂತ ಧರಣಿ ಸಾವಿರ ದಿನ ದಾಟಿತು. ಆ ಬೇಡಿಕೆಯ ಹಿಂದಿನ ಸಂಕಟ ನನ್ನದೂ ಹೌದು. ಅದರ ಜೊತೆಗೇ ಕೇಳಬೇಕಾದ ಸಣ್ಣ ಬೇಡಿಕೆಯೊಂದಿದೆ: ದೇವದುರ್ಗ, ಮಾನ್ವಿಯ ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನ ಆಪರೇಷನ್ ಆದವರ ಕೈಕಾಲು ನೋಡುವ ವ್ಯವಸ್ಥೆ, ಅಗತ್ಯ ಕಂಡರೆ ಅಲ್ಲೇ ಎಕ್ಸರೇ, ಅನುಮಾನ ಬಂದರೆ ಆ ಚಿತ್ರವನ್ನು ಆಪರೇಷನ್ ಮಾಡಿದ ಡಾಕ್ಟರಿಗೆ ಫೋನಿನಲ್ಲೇ ತೋರಿಸುವ ವ್ಯವಸ್ಥೆ. ಡಾಕ್ಟರಿಂದ ಡಾಕ್ಟರಿಗೆ ಸಲಹೆ ಕೇಳಲು ಸರ್ಕಾರದ್ದೇ ಇ-ಸಂಜೀವಿನಿ ಇದೆ. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ.

ಅಲ್ಲಿಯವರೆಗೆ ಓದುಗರಲ್ಲಿ ಒಂದು ಮನವಿ. ಮನೆಯಲ್ಲಿ ಯಾರದಾದರೂ ಮಣಿಕಟ್ಟಿಗೆ ಆಪರೇಷನ್ ಆಗಿದ್ದರೆ ಎರಡನೇ ವಾರದ ಎಕ್ಸರೇಗೆ ತಪ್ಪದೆ ಕರೆದೊಯ್ಯಿರಿ. ಮೂರನೆಯದನ್ನು ಬರೆದುಕೊಟ್ಟರೆ, ‘ಸರ, ಇದರಾಗ ಏನು ನೋಡ್ತೀರಿ, ಕಂಡರ ಏನು ಮಾಡ್ತೀರಿ’ ಎಂದು ಮರ್ಯಾದೆಯಿಂದ ಕೇಳಿ, ಉತ್ತರ ಸಿಕ್ಕರೆ ತೆಗೆಸಿ. ಕೊಠಡಿಯಿಂದ ಏಳುವ ಮುನ್ನ ಕೈ ಮುಂದೆ ಚಾಚಿ, ತಿರುಗಿಸಿ ತೋರಿಸಿ. ಮತ್ತೆ ಹೆಬ್ಬೆರಳಿನ ತುದಿ ಇದ್ದಕ್ಕಿದ್ದಂತೆ ಬಾಗದೆ ಹೋದರೆ, ಬೆರಳು ಜೋಮು ಹಿಡಿದರೆ, ಊತ ಇಳಿದ ಕೈ ಮತ್ತೆ ಊದಿದರೆ, ಗಾಯದಲ್ಲಿ ಕೀವು ಕಂಡರೆ ಚೀಟಿಯ ತಾರೀಖು ಕಾಯಬೇಡಿ. ಅಂದೇ ಹೋಗಿ.